ಕಡಲಿಗೆ ಎಸೆದ ಮರದ ತುಂಡು ಮತ್ತು ನಮ್ಮ ಲಾಗಿನ್

ಬ್ಯಾಂಕಿನ ಆ್ಯಪ್ ತೆರೆದರೆ ಲಾಗಿನ್. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಲು ಹೋದರೆ ಲಾಗಿನ್. ಮಗಳ ಫಲಿತಾಂಶ, ಅಪ್ಪನ ಪಿಂಚಣಿ, ರೈಲಿನ ಟಿಕೆಟ್, ಎಲ್ಲದರ ಬಾಗಿಲಲ್ಲೂ ಅದೇ ಮಾತು. 'ಸರ್ವರ್ ಡೌನಂತೆ, ಲಾಗಿನ್ ಆಗ್ತಾ ಇಲ್ವಂತೆ' ಎಂದು ಇಂಗ್ಲಿಷ್ ಓದಲು ಬಾರದವರೂ ಸಲೀಸಾಗಿ ಹೇಳುತ್ತಾರೆ. ನಾಡಕಚೇರಿಯ ಮುಂದೆ ಕಾದು ನಿಂತವರು ಹೊಸದಾಗಿ ಬಂದವರಿಗೆ ಕೊಡುವ ಮೊದಲ ಸುದ್ದಿಯೇ ಅದು. ಇಷ್ಟು ಬಳಕೆಯಾಗಿರುವ ಈ ಕ್ರಿಯಾಪದದ ಒಳಗೆ ಒಂದು ಮರದ ತುಂಡು ಇದೆ. ಹಗ್ಗ ಕಟ್ಟಿ ಸಮುದ್ರಕ್ಕೆ ಎಸೆಯುತ್ತಿದ್ದ, ಕೈಯಲ್ಲಿ ಹಿಡಿಯಬಹುದಾದ ಅಪ್ಪಟ ಮರದ ತುಂಡು.

ಇಂಗ್ಲಿಷಿನಲ್ಲಿ ಕ್ರಿಯಾಪದದ ಬಾಲಕ್ಕೆ 'ಇನ್', 'ಔಟ್', 'ಅಪ್', 'ಆಫ್' ಎಂಬ ಚಿಕ್ಕ ಪದಗಳನ್ನು ಅಂಟಿಸಿ ಹೊಸ ಅರ್ಥ ಹುಟ್ಟಿಸುವ ಪದ್ಧತಿ ಇದೆ. ಶಾಲೆಯಲ್ಲಿ ಇವನ್ನು ಫ್ರೇಸಲ್ ವರ್ಬ್ ಎಂದು ಹೇಳಿ ಬಾಯಿಪಾಠ ಮಾಡಿಸುತ್ತಾರೆ. 'ಗಿವ್' ಎಂದರೆ ಕೊಡು, 'ಅಪ್' ಎಂದರೆ ಮೇಲೆ. ಎರಡೂ ಸೇರಿದರೆ 'ಕೈಬಿಡು' ಎಂದು ಯಾಕಾಗಬೇಕು ಎಂದು ಕೇಳಿದರೆ ಮೇಷ್ಟ್ರೂ ತಡವರಿಸುತ್ತಾರೆ. ಉರು ಹೊಡೆಯುವುದೊಂದೇ ದಾರಿ. 'ಲಾಗ್ ಇನ್' ವಿಷಯ ಬೇರೆ. ಅದರ ಹಿಂದೆ ನಾಲ್ಕೂವರೆ ಶತಮಾನದ ದುಡಿಮೆ ಇದೆ, ಆ ದುಡಿಮೆಯ ಪರಿಚಯವಾದರೆ ಪದದ ಎರಡು ತುಂಡಿಗೂ ಅರ್ಥ ಸಿಗುತ್ತದೆ. ದಿನಕ್ಕೆ ಹತ್ತು ಸಲ ನಾವು ಮಾಡುವ ಕೆಲಸ ಏನೆಂಬುದೂ ಆಗ ತಿಳಿಯುತ್ತದೆ.

ಕಡಲ ನಡುವೆ ಹಡಗಿನವರನ್ನು ಕಾಡುತ್ತಿದ್ದ ಪ್ರಶ್ನೆ, ನಾವೀಗ ಎಲ್ಲಿದ್ದೇವೆ ಎಂಬುದು. ಉತ್ತರಕ್ಕೋ ದಕ್ಷಿಣಕ್ಕೋ ಎಷ್ಟು ಬಂದೆವೆಂಬುದನ್ನು ನಡು ಮಧ್ಯಾಹ್ನದ ಸೂರ್ಯನ ಎತ್ತರ, ಇಲ್ಲವೇ ರಾತ್ರಿಯ ಧ್ರುವ ನಕ್ಷತ್ರದ ಎತ್ತರ ಅಳೆದು ತಿಳಿಯಬಹುದಿತ್ತು. ಪೂರ್ವ, ಪಶ್ಚಿಮದ ಲೆಕ್ಕಕ್ಕೆ ಆಕಾಶದಲ್ಲಿ ಅಂಥ ಸುಲಭದ ಗುರುತಿಲ್ಲ. ಅಲುಗಾಡುವ ಹಡಗಿನಲ್ಲೂ ಸರಿಯಾದ ಹೊತ್ತು ತೋರಿಸುವ ಗಡಿಯಾರ 18ನೇ ಶತಮಾನದ ಉತ್ತರಾರ್ಧದವರೆಗೆ ಕೈಗೆ ಬರಲಿಲ್ಲ. ಅಲ್ಲಿಯವರೆಗೆ ಇದ್ದ ಉಪಾಯವೆಂದರೆ ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ, ಎಷ್ಟು ಹೊತ್ತು ಸಾಗಿದೆವು ಎಂದು ತಾಸುತಾಸಿಗೂ ಬರೆದಿಟ್ಟುಕೊಂಡು ಕೂಡುತ್ತಾ ಹೋಗುವುದು. ದಿಕ್ಕಿಗೆ ದಿಕ್ಸೂಚಿ ಇತ್ತು, ಹೊತ್ತಿಗೆ ಮರಳು ಗಡಿಯಾರ ಇತ್ತು. ವೇಗಕ್ಕೆ ಏನೂ ಇರಲಿಲ್ಲ. ಪಳಗಿದ ನಾವಿಕರು ಹಡಗಿನ ಪಕ್ಕ ಹರಿಯುವ ನೊರೆ ನೋಡಿ ಅಂದಾಜು ಹೇಳುತ್ತಿದ್ದರು. ಕೊಲಂಬಸ್ 1492ರಲ್ಲಿ ಅಟ್ಲಾಂಟಿಕ್ ದಾಟಿದ್ದು ಇಂಥ ಅಂದಾಜಿನ ಮೇಲೆ.

ಹಗ್ಗಕ್ಕೆ ಕಟ್ಟಿದ ಮರದ ತುಂಡು ಎಸೆದು ವೇಗ ಅಳೆಯುವ ಕ್ರಮವನ್ನು ಮೊದಲು ಪುಸ್ತಕದಲ್ಲಿ ವಿವರಿಸಿದವನು ಇಂಗ್ಲೆಂಡಿನ ವಿಲಿಯಂ ಬೋರ್ನ್. 1574ರಲ್ಲಿ ಅಚ್ಚಾದ ಅವನ 'ಎ ರೆಜಿಮೆಂಟ್ ಫಾರ್ ದ ಸೀ' ನಾವಿಕರಿಗಾಗಿಯೇ ಬರೆದ ಕೈಪಿಡಿ. ಇಂಗ್ಲಿಷಿನಲ್ಲಿ ದಿಮ್ಮಿಗೆ ಲಾಗ್ ಎನ್ನುತ್ತಾರೆ. ಎಸೆಯುತ್ತಿದ್ದದ್ದು ಮರವಾದ್ದರಿಂದ ಉಪಕರಣಕ್ಕೂ ಅದೇ ಹೆಸರು ನಿಂತಿತು.

ಬಳಕೆಯಲ್ಲಿ ಅದು ನಯವಾಗುತ್ತಾ ಹೋಯಿತು. ನಾಲ್ಕು ಮಡಿಕೆ ಮಾಡಿದ ದೋಸೆಯ ಆಕಾರದ ಒಂದು ತೆಳು ಹಲಗೆ. ಅದರ ಬಾಗಿದ ಅಂಚಿಗೆ ಸೀಸದ ಪಟ್ಟಿ ಹೊಡೆದಿರುತ್ತಿದ್ದರು. ಆ ಭಾರಕ್ಕೆ ಹಲಗೆ ನೀರಿನಲ್ಲಿ ನೆಟ್ಟಗೆ ನಿಂತು, ಹಡಗು ಮುಂದೆ ಹೋದರೂ ತಾನು ಇದ್ದಲ್ಲೇ ಇರುತ್ತಿತ್ತು. ಮೂರು ಮೂಲೆಗೂ ದಾರ. ಅದರಲ್ಲಿ ಒಂದು ದಾರವನ್ನು ಬರೀ ಒಂದು ಗೂಟ ಸಿಕ್ಕಿಸಿ ನಿಲ್ಲಿಸಿರುತ್ತಿದ್ದರು. ಮೂರೂ ದಾರ ಸೇರುವಲ್ಲಿಂದ ಉದ್ದದ ಹಗ್ಗ ಶುರು. ಒಬ್ಬ ಖಲಾಸಿ ಹಗ್ಗದ ರಾಟೆಯನ್ನು ತಲೆಯ ಮೇಲೆತ್ತಿ ಹಿಡಿಯುತ್ತಾನೆ, ಇನ್ನೊಬ್ಬನ ಕೈಯಲ್ಲಿ ಮರಳು ಗಡಿಯಾರ, ಮೂರನೆಯವನು ಹಡಗಿನ ಹಿಂಭಾಗದಿಂದ ಹಲಗೆಯನ್ನು ನೀರಿಗೆ ಬಿಡುತ್ತಾನೆ. ಹಡಗಿನ ಹಿಂದೆ ಕಲಕಿದ ನೀರು ದಾಟುವಷ್ಟು ಹಗ್ಗವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ಗಡಿಗೆ ಒಂದು ಬಟ್ಟೆಯ ಚಿಂದಿ ಕಟ್ಟಿರುತ್ತದೆ. ಚಿಂದಿ ಬೆರಳು ದಾಟಿತೋ, 'ತಿರುಗಿಸು' ಎಂಬ ಕೂಗು. ಮರಳು ಇಳಿಯತೊಡಗುತ್ತದೆ, ರಾಟೆ ಕಿರ್ರೆಂದು ಸುತ್ತುತ್ತದೆ, ಹಗ್ಗದಲ್ಲಿ ಸಮ ಅಂತರಕ್ಕೆ ಹಾಕಿದ ಗಂಟುಗಳು ಒಂದೊಂದಾಗಿ ಕೈಯಿಂದ ಜಾರುತ್ತವೆ. ಮರಳು ಮುಗಿದೊಡನೆ 'ನಿಲ್ಲಿಸು'. ಎಷ್ಟು ಗಂಟು ಹೋದವೋ ಅಷ್ಟು ವೇಗ. ಹಗ್ಗವನ್ನು ಒಮ್ಮೆ ಜಗ್ಗಿದರೆ ಗೂಟ ಕಳಚಿ ಹಲಗೆ ಮಗುಚಿಕೊಳ್ಳುತ್ತದೆ, ಆಗ ಎಳೆದುಕೊಳ್ಳುವುದು ಸುಲಭ. ಇಷ್ಟೂ ಮುಗಿಯಲು ಒಂದೆರಡು ನಿಮಿಷ. ಬಿಸಿಲಿರಲಿ, ಬಿರುಗಾಳಿ ಇರಲಿ, ಮುಂದಿನ ತಾಸಿಗೆ ಮತ್ತೆ ಇದೇ ಕೆಲಸ.

ಗಂಟಿಗೆ ಇಂಗ್ಲಿಷಿನಲ್ಲಿ ನಾಟ್. ಹಡಗಿನ ವೇಗವನ್ನೂ ವಿಮಾನದ ವೇಗವನ್ನೂ ಇವತ್ತಿಗೂ ಹೇಳುವುದು ಈ ನಾಟ್‌ಗಳಲ್ಲೇ. ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಎದ್ದಾಗ ಹವಾಮಾನ ಇಲಾಖೆಯ ಪ್ರಕಟಣೆಯಲ್ಲಿ ಗಾಳಿಯ ವೇಗ ನಾಟ್ ಲೆಕ್ಕದಲ್ಲೂ ಇರುತ್ತದೆ. ಮಂಗಳೂರು, ಮಲ್ಪೆಯ ಬೋಟಿನವರಿಗೆ ಈ ಪದ ಹೊಸದಲ್ಲ. ಒಂದು ನಾಟ್ ಎಂದರೆ ತಾಸಿಗೆ ಒಂದು ನಾವಿಕ ಮೈಲಿ, ಅಂದರೆ 1852 ಮೀಟರ್. ಮರಳು ಗಡಿಯಾರ 28 ಸೆಕೆಂಡಿನದಾದರೆ ಗಂಟುಗಳ ನಡುವೆ 47 ಅಡಿ 3 ಅಂಗುಲ ಇರಬೇಕು. ಈ ಅಂತರ ಸರಿಯಾಗಲು ಬಹಳ ಕಾಲ ಹಿಡಿಯಿತು. ಭೂಮಿಯ ಗಾತ್ರವನ್ನೇ ಚಿಕ್ಕದೆಂದು ಎಣಿಸಿದ್ದ ಹಳಬರು 30 ಸೆಕೆಂಡಿನ ಗಡಿಯಾರಕ್ಕೆ 42 ಅಡಿಗೊಂದು ಗಂಟು ಹಾಕುತ್ತಿದ್ದರು. ರಿಚರ್ಡ್ ನಾರ್‌ವುಡ್ ಎಂಬ ಗಣಿತಜ್ಞ ಲಂಡನ್ನಿನಿಂದ ಯಾರ್ಕ್‌ವರೆಗಿನ ದೂರವನ್ನು ಅಳೆದು, ಎರಡೂ ಕಡೆ ಸೂರ್ಯನ ಎತ್ತರ ನೋಡಿ, ಒಂದು ಡಿಗ್ರಿಗೆ ಎಷ್ಟು ಅಡಿ ಎಂದು ಲೆಕ್ಕ ಹಾಕಿದ. 1637ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ, ಗಂಟುಗಳ ಅಂತರವನ್ನು 50 ಅಡಿಗೆ ಹಿಗ್ಗಿಸಿ ಎಂದು ನಾವಿಕರಿಗೆ ಹೇಳಿದ. ಅನೇಕರು ಒಪ್ಪಲಿಲ್ಲ. ಗಂಟು ಒತ್ತೊತ್ತಾಗಿದ್ದರೆ ವೇಗ ಇದ್ದದ್ದಕ್ಕಿಂತ ಹೆಚ್ಚು ತೋರುತ್ತದೆ, ದಡ ಹತ್ತಿರ ಬಂತೆಂದು ಮೊದಲೇ ಎಚ್ಚರವಾಗಿರಬಹುದು. ಅಂತರ ಹೆಚ್ಚಾಗಿ ಲೆಕ್ಕ ಹಿಂದೆ ಬಿದ್ದರೆ ಕತ್ತಲಲ್ಲಿ ಬಂಡೆಗೆ ಬಡಿದೇವು ಎಂಬುದು ಅವರ ವಾದ. ಜೀವ ಪಣಕ್ಕಿಟ್ಟವರ ವಾದ ಅದು, ತೆಗೆದುಹಾಕುವಂಥದ್ದಲ್ಲ.

ಹೀಗೆ ಅಳೆದ ಸಂಖ್ಯೆಯನ್ನು ಮೊದಲು ಒಂದು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಗೀಚುತ್ತಿದ್ದರು. ಅದು ಲಾಗ್ ಬೋರ್ಡ್. ನೀರು ಚಿಮ್ಮುವ ಅಟ್ಟದ ಮೇಲೆ ಕಾಗದ ಬಾಳುವುದಿಲ್ಲ. ದಿನಕ್ಕೊಮ್ಮೆ ಹಲಗೆಯ ಮೇಲಿನದನ್ನು ಕೋಣೆಯೊಳಗಿನ ಪುಸ್ತಕಕ್ಕೆ ಇಳಿಸುತ್ತಿದ್ದರು. ಅದು ಲಾಗ್ ಬುಕ್. 17ನೇ ಶತಮಾನದ ಕೊನೆಯ ಹೊತ್ತಿಗೆ ಈ ಹೆಸರು ರೂಢಿಯಾಗಿತ್ತು. ತಾಸು, ನಾಟ್, ದಿಕ್ಕು, ಗಾಳಿ ಎಂದು ಕಂಬಗಳು, ಬಲತುದಿಯಲ್ಲಿ ಷರಾ. ಆ ಷರಾ ಕಂಬವೇ ಮುಂದೆ ಇಡೀ ಹಡಗಿನ ಬದುಕನ್ನು ನುಂಗಿತು. ಯಾರಿಗೆ ಜ್ವರ, ಯಾರಿಗೆ ಛಡಿಯೇಟು, ಯಾವ ಪೀಪಾಯಿಯ ಮಾಂಸ ಕೊಳೆತಿದೆ, ಯಾರನ್ನು ಸಮುದ್ರಕ್ಕೆ ಒಪ್ಪಿಸಿದೆವು, ಎಲ್ಲವೂ ಅಲ್ಲಿ ಬಂತು. ಮರದ ತುಂಡಿನ ಹೆಸರು ಪುಸ್ತಕಕ್ಕೆ ಹತ್ತಿದ್ದು ಹೀಗೆ. 19ನೇ ಶತಮಾನದ ಮೊದಲ ಭಾಗದಲ್ಲಿ ಅದು ಕ್ರಿಯಾಪದವಾಯಿತು. ಲಾಗ್ ಮಾಡುವುದೆಂದರೆ ಆ ಪುಸ್ತಕದಲ್ಲಿ ದಾಖಲಿಸುವುದು.

ಈ ಪುಸ್ತಕಕ್ಕೆ ನಾವಿಕರು ಎಷ್ಟು ಬೆಲೆ ಕೊಟ್ಟಿದ್ದರೆಂಬುದಕ್ಕೆ ವಿಲಿಯಂ ಬ್ಲೈ ಎಂಬ ಕಪ್ತಾನನಿಗಿಂತ ದೊಡ್ಡ ಸಾಕ್ಷಿ ಬೇಡ. 1789ರ ಏಪ್ರಿಲ್ 28ರ ಬೆಳಗಿನ ಜಾವ ಪೆಸಿಫಿಕ್ ಸಾಗರದಲ್ಲಿ 'ಬೌಂಟಿ' ಹಡಗಿನ ಕೆಲವರು ದಂಗೆ ಎದ್ದು ಅವನನ್ನೂ ಅವನ ಕಡೆಯ 18 ಮಂದಿಯನ್ನೂ 23 ಅಡಿ ಉದ್ದದ ತೆರೆದ ದೋಣಿಗೆ ಇಳಿಸಿ ಕಳಿಸಿಬಿಟ್ಟರು. ದೋಣಿಯ ಅಂಚು ನೀರಿಗೆ ಒಂದು ಗೇಣು ಮೇಲಿತ್ತೋ ಇಲ್ಲವೋ. ಹತ್ತಿರದ ಟೋಫುವಾ ದ್ವೀಪದಲ್ಲಿ ಇಳಿದಾಗ ಅಲ್ಲಿಯವರ ಕಲ್ಲೇಟಿಗೆ ಒಬ್ಬ ಸತ್ತ. ಉಳಿದವರಿಗೆ ದಿನಕ್ಕೆ ಒಂದು ತುಣುಕು ರೊಟ್ಟಿ, ಒಂದು ಗುಟುಕು ನೀರು. ಅಂಥ ಸ್ಥಿತಿಯಲ್ಲಿ ಬ್ಲೈ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಹಗ್ಗವೊಂದಕ್ಕೆ ಗುರುತು ಹಾಕಿ ಲಾಗ್ ಸಿದ್ಧ ಮಾಡಿಕೊಂಡದ್ದು. ಮರಳು ಗಡಿಯಾರ ಇರಲಿಲ್ಲ. ಸೆಕೆಂಡುಗಳನ್ನು ಬಾಯಲ್ಲಿ ಎಣಿಸುವುದನ್ನು ತನ್ನ ಜನರಿಗೆ ಅಭ್ಯಾಸ ಮಾಡಿಸಿದ. ಮಳೆಯಲ್ಲಿ ನೆನೆದು ನಡುಗುತ್ತಾ ಅವರು ಎಣಿಸಿದರು, ಅವನು ಬರೆದ. 3,618 ನಾವಿಕ ಮೈಲಿ ಸಾಗಿ ಜೂನ್ 14ರಂದು ಟಿಮೋರ್ ದ್ವೀಪದ ಕುಪಾಂಗ್ ಬಂದರಿಗೆ ಮುಟ್ಟಿದಾಗ, ಆ ಲೆಕ್ಕವೇ ಅವರನ್ನು ಅಲ್ಲಿಗೆ ತಂದಿತ್ತು. ಬ್ಲೈ ಒರಟ, ಬಾಯಿ ಹರುಕ ಎಂದು ಚರಿತ್ರೆ ಹೇಳುತ್ತದೆ, ಇರಲಿ. ಹಸಿವಿನಲ್ಲೂ ಲೆಕ್ಕ ತಪ್ಪಿಸದ ಅವನ ಶಿಸ್ತಿಗೆ ನಾನು ತಲೆಬಾಗುತ್ತೇನೆ.

ಬರೆದಿಟ್ಟವರು ಊಹಿಸದ ಕೆಲಸಕ್ಕೂ ಈ ಪುಸ್ತಕಗಳು ಒದಗಿವೆ. ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಸಾವಿರಾರು ಲಾಗ್ ಬುಕ್‌ಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಮದರಾಸು, ಬೊಂಬಾಯಿ, ಕಲ್ಕತ್ತೆಗೆ ಬಂದು ಹೋದ ಹಡಗುಗಳವು. 18ನೇ ಶತಮಾನದ ಕೊನೆಯಿಂದ ಎಷ್ಟೋ ಕಪ್ತಾನರು ಗಾಳಿಯ ಜೊತೆಗೆ ಉಷ್ಣಾಂಶ, ವಾಯುಭಾರವನ್ನೂ ಬರೆಯತೊಡಗಿದ್ದರು. ಹವಾಮಾನ ವಿಜ್ಞಾನಿಗಳು ಆ ಕೈಬರಹವನ್ನು ಗಣಕಕ್ಕೆ ಇಳಿಸಿ, ಉಪಗ್ರಹಗಳಿಲ್ಲದ ಕಾಲದ ಸಾಗರದ ಹವೆ ಹೇಗಿತ್ತೆಂದು ನೋಡುತ್ತಿದ್ದಾರೆ. ಕಡಲ ಮೇಲೆ ಗಾಳಿ ಯಾವ ದಿನ ನೈರುತ್ಯಕ್ಕೆ ತಿರುಗಿತು ಎಂಬ ಒಂದು ಸಾಲು, ಆ ವರ್ಷದ ಮುಂಗಾರು ಯಾವಾಗ ಬಂತೆಂಬುದರ ಸುಳಿವು. ಮುಂಗಾರನ್ನೇ ನಂಬಿ ಬಿತ್ತುವ ನಮ್ಮ ನೆಲಕ್ಕೆ ಇದು ಬರೀ ದೂರದ ಕುತೂಹಲವಲ್ಲ.

ಅಷ್ಟು ನಂಬಿಕೆಯ ಪುಸ್ತಕದಲ್ಲಿ ಸುಳ್ಳು ಬರೆದವರೂ ಇದ್ದಾರೆ. ಡೊನಾಲ್ಡ್ ಕ್ರೌಹರ್ಸ್ಟ್ ಎಂಬ ಇಂಗ್ಲೆಂಡಿನ ಎಂಜಿನಿಯರ್, ಎಲ್ಲೂ ನಿಲ್ಲದೆ ಒಂಟಿಯಾಗಿ ಭೂಮಿ ಸುತ್ತುವ ಪಂದ್ಯಕ್ಕೆ 1968ರ ಅಕ್ಟೋಬರ್ 31ರಂದು ಹೊರಟ. ದೋಣಿ ದಕ್ಷಿಣದ ಮಹಾಸಾಗರಕ್ಕೆ ತಾಳುವಂತಿರಲಿಲ್ಲ. ಹಿಂದಿರುಗಿದರೆ ಸಾಲ, ಅವಮಾನ. ಅವನು ಅಟ್ಲಾಂಟಿಕ್‌ನಲ್ಲೇ ಅಲೆಯುತ್ತಾ, ರೇಡಿಯೊದಲ್ಲಿ ಮಾತ್ರ ಜಗತ್ತು ಸುತ್ತಿದ. ಸುಳ್ಳು ಸ್ಥಾನಗಳನ್ನು ಲೆಕ್ಕಕ್ಕೆ ಹೊಂದಿಸುವುದು ನಿಜವಾದ ಪಯಣಕ್ಕಿಂತ ಕಷ್ಟದ ಗಣಿತ. 1969ರ ಜುಲೈ 10ರಂದು ಅಂಚೆ ಹಡಗೊಂದಕ್ಕೆ ಅವನ ದೋಣಿ ಸಿಕ್ಕಾಗ ಒಳಗೆ ಯಾರೂ ಇರಲಿಲ್ಲ. ಲಾಗ್ ಬುಕ್‌ಗಳು ಇದ್ದವು. ನಿಜವಾಗಿ ಎಲ್ಲಿದ್ದೆನೆಂಬುದನ್ನೂ ಅವನು ಬರೆದಿಟ್ಟಿದ್ದ. ಅವುಗಳಿಂದಲೇ ಜಗತ್ತಿಗೆ ಸತ್ಯ ತಿಳಿದದ್ದು. ಪಂದ್ಯ ಮುಗಿಸಿದ ಒಬ್ಬನೇ ನಾವಿಕ ರಾಬಿನ್ ನಾಕ್ಸ್ ಜಾನ್‌ಸ್ಟನ್ ತನಗೆ ಬಂದ 5,000 ಪೌಂಡ್ ಬಹುಮಾನವನ್ನು ಕ್ರೌಹರ್ಸ್ಟ್‌ನ ಹೆಂಡತಿ ಮಕ್ಕಳ ನಿಧಿಗೆ ಕೊಟ್ಟುಬಿಟ್ಟ.

ಹಡಗಿನ ಲಾಗ್‌ಗೆ ಇನ್ನೊಂದು ಮುಖವಿತ್ತು. ವ್ಯಾಪಾರಿ ಹಡಗಿನ ಖಲಾಸಿ ಕೆಲಸ ತಪ್ಪಿಸಿಕೊಂಡರೆ, ಕುಡಿದು ಗಲಾಟೆ ಮಾಡಿದರೆ, ಅವನ ಹೆಸರು ಅಧಿಕೃತ ಲಾಗ್‌ನಲ್ಲಿ ಏರುತ್ತಿತ್ತು, ಸಂಬಳದಲ್ಲಿ ದಂಡ ಮುರಿಯುತ್ತಿದ್ದರು. 'ಅವನನ್ನು ಲಾಗ್ ಮಾಡಿದರು' ಎಂದರೆ ದಂಡ ಬಿತ್ತೆಂದೇ ಅರ್ಥ. ಆದರೆ ಬ್ರಿಟಿಷ್ ಹಡಗು ಕಾಯ್ದೆಗಳು ಒಂದು ಕಟ್ಟಳೆ ಹಾಕಿದ್ದವು, ನಮ್ಮ 1958ರ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆಯೂ ಅದನ್ನು ಉಳಿಸಿಕೊಂಡಿತ್ತು. ಏನು ಬರೆದಿದ್ದೇವೆ ಎಂಬುದನ್ನು ಆ ಖಲಾಸಿಗೆ ಕೇಳುವಂತೆ ಓದಿ ಹೇಳಬೇಕು. ಅವನು ಕೊಟ್ಟ ಉತ್ತರವನ್ನೂ ಪಕ್ಕದಲ್ಲಿ ಬರೆಯಬೇಕು. ಓದು ಬಾರದ ಕೂಲಿಯವನಿಗೂ ತನ್ನ ಬಗ್ಗೆ ಬರೆದದ್ದನ್ನು ಕೇಳಿಸಿಕೊಳ್ಳುವ, ಎದುರು ಹೇಳುವ ಹಕ್ಕು. ಈ ಕಟ್ಟಳೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಅದಕ್ಕೆ ಮತ್ತೆ ಬರುತ್ತೇನೆ.

ಲಾಗ್ ಬುಕ್ ದಡ ಹತ್ತಿ ನಮ್ಮೂರುಗಳಿಗೂ ಬಂದು ಎಷ್ಟೋ ಕಾಲವಾಯಿತು. ಸರ್ಕಾರಿ ಜೀಪಿನ ಡ್ಯಾಶ್‌ಬೋರ್ಡಿನಲ್ಲಿ ಮೂಲೆ ಮುದುಡಿದ ಲಾಗ್ ಬುಕ್ ಇದ್ದೇ ಇರುತ್ತದೆ. ಎಲ್ಲಿಂದ ಎಲ್ಲಿಗೆ, ಎಷ್ಟು ಕಿಲೋಮೀಟರ್, ಎಷ್ಟು ಡೀಸೆಲ್, ಸಾಹೇಬರ ಸಹಿ. ಅದಕ್ಕಿಂತ ಹಡಗಿಗೆ ಹತ್ತಿರವಾದದ್ದು ವಿದ್ಯುತ್ ಸಬ್‌ಸ್ಟೇಷನ್. ಮಲೆನಾಡಿನ ಅಂಚಿನ ಒಂದು 33 ಕೆ.ವಿ. ಕೇಂದ್ರದಲ್ಲಿ ಪಾಳಿಯಲ್ಲಿದ್ದ ಆಪರೇಟರ್ ಒಬ್ಬರ ಪಕ್ಕ ಕೂತು ನೋಡಿದ್ದೇನೆ. ತಾಸಿಗೊಮ್ಮೆ ಎದ್ದು ಪ್ಯಾನೆಲ್ ಮುಂದೆ ನಿಲ್ಲುತ್ತಾರೆ, ಒಂದೊಂದು ಫೀಡರಿನ ಆಂಪ್ಸ್, ವೋಲ್ಟೇಜು ನೋಡುತ್ತಾರೆ, ಬಂದು ಲಾಗ್ ಶೀಟಿನ ಚೌಕದಲ್ಲಿ ಬರೆಯುತ್ತಾರೆ. ಯಾವ ಲೈನು ಎಷ್ಟು ಗಂಟೆಗೆ ಟ್ರಿಪ್ ಆಯಿತು, ಯಾವ ಲೈನ್‌ಮ್ಯಾನ್ ಎಷ್ಟು ಹೊತ್ತಿಗೆ ಫೋನ್ ಮಾಡಿ ಎಲ್.ಸಿ. (ಲೈನ್ ಕ್ಲಿಯರ್, ಅಂದರೆ ಲೈನಿನ ವಿದ್ಯುತ್ ಕಡಿದು ಕೊಡುವ ಅನುಮತಿ) ಪಡೆದ, ಎಷ್ಟಕ್ಕೆ ವಾಪಸ್ ಕೊಟ್ಟ ಎಂಬುದಕ್ಕೆ ಪ್ರತ್ಯೇಕ ಪುಸ್ತಕ. 'ರಾತ್ರಿ ಎರಡಕ್ಕೂ ಬರೀಲೇಬೇಕು ಸಾರ್. ನಾಳೆ ಕಂಬದ ಮೇಲೆ ಯಾರಿಗಾದ್ರೂ ಏನಾದ್ರೂ ಆದ್ರೆ ಮೊದ್ಲು ಕೇಳೋದು ಈ ಬುಕ್ನೇ' ಎಂದರು. ಕಂಬ ಹತ್ತಿದವನ ಜೀವ ಆ ಒಂದು ಸಾಲಿನ ಮೇಲಿದೆ ಎಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ.

ಕಂಪ್ಯೂಟರ್ ಕೋಣೆಗೆ ಈ ಪುಸ್ತಕ ಬಂದದ್ದಕ್ಕೂ ನೌಕಾಪಡೆಯ ನಂಟಿದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1944ರಲ್ಲಿ ಕೆಲಸ ಶುರು ಮಾಡಿದ ಮಾರ್ಕ್ 1 ಯಂತ್ರವನ್ನು ಯುದ್ಧಕಾಲದಲ್ಲಿ ನಡೆಸುತ್ತಿದ್ದದ್ದು ನೌಕಾಪಡೆ. ಮುಖ್ಯಸ್ಥ ಹೊವರ್ಡ್ ಐಕನ್ ನೌಕಾಪಡೆಯ ಮೀಸಲು ಅಧಿಕಾರಿ. ಪ್ರಯೋಗಾಲಯವನ್ನು ಹಡಗು ನಡೆಸಿದಂತೆಯೇ ನಡೆಸುತ್ತಿದ್ದರು. ಗಣಿತದ ಪ್ರಾಧ್ಯಾಪಕಿಯಾಗಿದ್ದ ಗ್ರೇಸ್ ಹಾಪರ್ ಸಮವಸ್ತ್ರ ತೊಟ್ಟು ಅಲ್ಲಿ ಕೆಲಸಕ್ಕೆ ಸೇರಿದರು. ಯಂತ್ರ ಯಾವಾಗ ಶುರುವಾಯಿತು, ಯಾವ ಲೆಕ್ಕ ನಡೆಯಿತು, ಎಲ್ಲಿ ಕೆಟ್ಟಿತು ಎಂದು ನಿಮಿಷ ಸಮೇತ ಬರೆಯುವುದು ಕಡ್ಡಾಯ. ಅವರ ಮುಂದಿನ ಯಂತ್ರ ಮಾರ್ಕ್ 2ರ ಲಾಗ್ ಬುಕ್‌ನಲ್ಲಿ 1947ರ ಸೆಪ್ಟೆಂಬರ್ 9ರ ಪುಟಕ್ಕೆ ಒಂದು ಸತ್ತ ಪತಂಗವನ್ನು ಟೇಪ್ ಹಾಕಿ ಅಂಟಿಸಲಾಗಿದೆ. ರಿಲೇಯೊಳಗೆ ಸಿಕ್ಕಿಕೊಂಡು ಯಂತ್ರ ನಿಲ್ಲಿಸಿದ್ದ ಹುಳ ಅದು. ಯಂತ್ರದ ದೋಷಕ್ಕೆ ಎಂಜಿನಿಯರುಗಳು ಅದಕ್ಕೂ ಹಿಂದಿನಿಂದಲೇ 'ಬಗ್' ಎನ್ನುತ್ತಿದ್ದರು. ನಿಜವಾದ ಹುಳವೇ ಸಿಕ್ಕಿತೆಂದು ಖುಷಿಯಿಂದ ಪಕ್ಕದಲ್ಲಿ ಷರಾ ಬರೆದರು. ಆ ಪುಟ ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿದೆ.

ಆಗಿನ ಕ್ರಮದಲ್ಲಿ ಕಂಪ್ಯೂಟರಿಗೂ ಬಳಸುವವನಿಗೂ ನೇರ ಭೇಟಿಯೇ ಇಲ್ಲ. ರಂಧ್ರ ಕೊರೆದ ಕಾರ್ಡುಗಳ ಕಟ್ಟನ್ನು ಆಪರೇಟರ್ ಕೈಗೆ ಕೊಟ್ಟು ಬರಬೇಕು, ಉತ್ತರ ಮುದ್ರಣವಾಗಿ ಬರುವುದು ತಾಸುಗಟ್ಟಲೆ ಆದ ಮೇಲೆ, ಇಲ್ಲವೇ ಮಾರನೇ ದಿನ. ಒಂದು ಅಲ್ಪವಿರಾಮ ತಪ್ಪಿದ್ದರೆ ಮತ್ತೆ ಸರದಿ. ಇದಕ್ಕೆ ರೋಸಿದ ಅಮೆರಿಕದ ಎಂಐಟಿಯ ಫರ್ನಾಂಡೊ ಕಾರ್ಬಟೊ ಮತ್ತು ಸಂಗಡಿಗರು 1961ರ ನವೆಂಬರಿನಲ್ಲಿ ಒಂದು ಹೊಸ ವ್ಯವಸ್ಥೆಯನ್ನು ಪ್ರದರ್ಶಿಸಿದರು. ಹೆಸರು ಸಿಟಿಎಸ್ಎಸ್. ಟೈಪ್‌ರೈಟರಿನಂಥ ಹಲವು ಟರ್ಮಿನಲ್‌ಗಳು, ಎಲ್ಲಕ್ಕೂ ಒಂದೇ ಕಂಪ್ಯೂಟರ್. ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಒಬ್ಬರಿಂದ ಒಬ್ಬರಿಗೆ ಹೊರಳುತ್ತಾ ಎಲ್ಲರಿಗೂ ಉತ್ತರಿಸುತ್ತದೆ. ಆಗ ಹೊಸ ತೊಡಕು ಹುಟ್ಟಿತು. ಈಗ ಕೂತವರು ಯಾರು? ಅವರ ಕಡತ ಯಾವುದು? ಯಂತ್ರದ ಎಷ್ಟು ನಿಮಿಷ ಅವರ ಲೆಕ್ಕಕ್ಕೆ? ಬಾಗಿಲಲ್ಲಿ ಪುಸ್ತಕ ಹಿಡಿದು ಕೂರುವ ಆಪರೇಟರ್ ಇನ್ನಿಲ್ಲವಾದ್ದರಿಂದ ಪುಸ್ತಕವನ್ನು ಯಂತ್ರವೇ ಬರೆಯಬೇಕಾಯಿತು. 1963ರಲ್ಲಿ ಅಚ್ಚಾದ ಸಿಟಿಎಸ್ಎಸ್ ಕೈಪಿಡಿಯಲ್ಲಿ ಎರಡು ಆಜ್ಞೆಗಳಿವೆ: ಲಾಗಿನ್, ಲಾಗೌಟ್. ಬಂದವರು ಮೊದಲನೆಯದನ್ನು ಟೈಪ್ ಮಾಡಿ ತಮ್ಮ ಸಂಖ್ಯೆ, ಹೆಸರು ಕೊಡಬೇಕು. ಎರಡನೆಯದನ್ನು ಟೈಪ್ ಮಾಡಿದರೆ ಎಷ್ಟು ಹೊತ್ತು ಬಳಸಿದಿರೆಂಬ ಲೆಕ್ಕ ಒಪ್ಪಿಸಿ ಯಂತ್ರ ಬೀಳ್ಕೊಡುತ್ತದೆ.

ಇಲ್ಲಿಗೆ ಪದ ಬಿಡಿಸಿಕೊಳ್ಳುತ್ತದೆ. 'ಲಾಗ್ ಇನ್' ಆಗುವುದನ್ನು ನಾವು ಒಳಗೆ ಹೋಗುವುದು ಎಂದು ತಿಳಿದಿದ್ದೇವೆ. ಅದರ ಮೂಲ ಕೆಲಸ ನಾವು ಇಷ್ಟು ಹೊತ್ತಿಗೆ ಬಂದೆವೆಂದು ದಾಖಲೆ ಪುಸ್ತಕದಲ್ಲಿ ಏರಿಸುವುದು. ಬಾಗಿಲು ತೆರೆಯುವುದು ಆಮೇಲಿನ ಮಾತು.

ಪಾಸ್‌ವರ್ಡ್ ಎಂಬ ಕಾಟವೂ ಅಲ್ಲಿಂದಲೇ ಶುರು. ಒಬ್ಬರ ಕಡತ ಇನ್ನೊಬ್ಬರು ನೋಡದಿರಲಿ, ಒಬ್ಬರ ಪಾಲಿನ ಹೊತ್ತನ್ನು ಇನ್ನೊಬ್ಬರು ಕದಿಯದಿರಲಿ ಎಂದು ಕಾರ್ಬಟೊ ಅದನ್ನು ತಂದರು. ಹೆಚ್ಚು ದಿನ ನಡೆಯಲಿಲ್ಲ. ವಾರಕ್ಕೆ 4 ತಾಸಿನ ಪಾಲು ಸಾಲದೆಂದು ಆ್ಯಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿ 1962ರಲ್ಲಿ ಪಾಸ್‌ವರ್ಡ್‌ಗಳ ಕಡತವನ್ನೇ ಮುದ್ರಿಸಿಕೊಡಲು ಯಂತ್ರಕ್ಕೆ ಕಾರ್ಡು ಹಾಕಿದ, ಮಾರನೇ ಬೆಳಿಗ್ಗೆ ಹೋಗಿ ಮುದ್ರಣ ಎತ್ತಿಕೊಂಡು ಬಂದ. 1966ರಲ್ಲಿ ಇನ್ನೂ ದೊಡ್ಡ ಅವಾಂತರ. ದಿನದ ಸೂಚನೆಯನ್ನು ಒಬ್ಬರು, ಪಾಸ್‌ವರ್ಡ್ ಕಡತವನ್ನು ಇನ್ನೊಬ್ಬರು ಒಟ್ಟಿಗೆ ತಿದ್ದುತ್ತಿದ್ದಾಗ ಎರಡೂ ಅದಲುಬದಲಾದವು. ಲಾಗಿನ್ ಆದ ಪ್ರತಿಯೊಬ್ಬರ ಟರ್ಮಿನಲ್‌ನಲ್ಲೂ ಸೂಚನೆಯ ಬದಲು ಎಲ್ಲರ ಪಾಸ್‌ವರ್ಡ್ ಟೈಪಾಗತೊಡಗಿತು. 1990ರ ಟ್ಯೂರಿಂಗ್ ಪ್ರಶಸ್ತಿಯ ಉಪನ್ಯಾಸದಲ್ಲಿ ಕಾರ್ಬಟೊ ಈ ಘಟನೆಯನ್ನು ತಾವೇ ಎತ್ತಿ ಹೇಳಿದರು. ತನ್ನ ಕಟ್ಟಡದ ಬಿರುಕನ್ನು ಪ್ರಶಸ್ತಿ ಪಡೆಯುವ ವೇದಿಕೆಯಲ್ಲಿ ತೋರಿಸಿದ ಆ ಪ್ರಾಮಾಣಿಕತೆ ಎಂಜಿನಿಯರಿಂಗ್ ಓದುವ ನಮ್ಮ ಪ್ರತಿ ವಿದ್ಯಾರ್ಥಿಗೂ ಪಾಠವಾಗಬೇಕು.

ಇಂಟರ್ನೆಟ್ಟಿನ ಮೊದಲ ಮಾತೂ ಇದೇ ಪದ. 1969ರ ಅಕ್ಟೋಬರ್ 29ರ ರಾತ್ರಿ ಹತ್ತೂವರೆ. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬೋಲ್ಟರ್ ಹಾಲ್ ಕಟ್ಟಡದಲ್ಲಿ, ಪ್ರಾಧ್ಯಾಪಕ ಲೆನಾರ್ಡ್ ಕ್ಲೈನ್‌ರಾಕ್ ಅವರ ಪ್ರಯೋಗಾಲಯದಲ್ಲಿ ಚಾರ್ಲಿ ಕ್ಲೈನ್ ಎಂಬ ವಿದ್ಯಾರ್ಥಿ ಕೂತಿದ್ದ. 500 ಕಿಲೋಮೀಟರಿಗೂ ಹೆಚ್ಚು ದೂರದ ಮೆನ್ಲೊ ಪಾರ್ಕ್‌ನ ಎಸ್ಆರ್‌ಐ ಸಂಸ್ಥೆಯಲ್ಲಿ ಬಿಲ್ ಡುವಾಲ್. ಇಬ್ಬರ ನಡುವೆ ದೂರವಾಣಿ ಮಾತು ಬೇರೆ ನಡೆದೇ ಇತ್ತು. ಇಲ್ಲಿಂದ ಅಲ್ಲಿಯ ಕಂಪ್ಯೂಟರಿಗೆ ಲಾಗಿನ್ ಆಗಬೇಕು. ಎಲ್, ಒ, ಜಿ ಎಂದು ಮೂರಕ್ಷರ ಒತ್ತಿದರೆ ಉಳಿದೆರಡನ್ನು ಆ ಕಡೆಯ ಯಂತ್ರವೇ ತುಂಬಿಕೊಳ್ಳುವ ಏರ್ಪಾಡು. ಕ್ಲೈನ್ ಎಲ್ ಒತ್ತಿ ಬಂತೇ ಎಂದು ಕೇಳಿದ, ಬಂತು ಎಂದರು. ಒ ಒತ್ತಿದ, ಅದೂ ಬಂತು. ಜಿ ಒತ್ತುತ್ತಲೇ ಆ ಕಡೆಯ ಯಂತ್ರ ಕುಸಿಯಿತು. ಹೀಗಾಗಿ ಜಾಲದಲ್ಲಿ ಹರಿದ ಮೊದಲ ಸಂದೇಶ ಬರೀ 'ಎಲ್ಒ'. ದೋಷ ಸರಿಪಡಿಸಿ ಸುಮಾರು ಒಂದು ತಾಸಿನ ಮೇಲೆ ಲಾಗಿನ್ ಪೂರ್ತಿಯಾಯಿತು. ಆ ರಾತ್ರಿಗೆ ಸಾಕ್ಷಿಯಾಗಿ ಉಳಿದಿರುವುದು ಒಂದು ಕಾಗದದ ಲಾಗ್ ಬುಕ್. ಎಸ್ಆರ್‌ಐ ಯಂತ್ರದೊಡನೆ ನೇರ ಮಾತಾಯಿತು ಎಂಬರ್ಥದ ಒಂದು ಸಾಲು ಪೆನ್ನಿನಲ್ಲಿದೆ, ಎದುರಿಗೆ 22:30 ಎಂಬ ಹೊತ್ತು, ಪಕ್ಕದಲ್ಲಿ ಕ್ಲೈನ್ ಹೆಸರಿನ ಮೊದಲಕ್ಷರಗಳು. ಆ ಪುಸ್ತಕ ಇಲ್ಲದಿದ್ದರೆ ಇಂಟರ್ನೆಟ್ ಮಾತು ಕಲಿತ ದಿನ ಯಾವುದೆಂದು ಇವತ್ತು ನಾವು ಜಗಳವಾಡುತ್ತಿದ್ದೆವು.

ಈಗ ಪೆನ್ನು ಹಿಡಿಯುವವರು ಬೇಡ. ನೀವು ಲಾಗಿನ್ ಆದ ಕ್ಷಣವೇ ಎಲ್ಲೋ ಒಂದು ಸರ್ವರಿನಲ್ಲಿ ಸಾಲೊಂದು ಬೀಳುತ್ತದೆ. ಯಾರು, ಎಷ್ಟು ಹೊತ್ತಿಗೆ, ಯಾವ ವಿಳಾಸದಿಂದ, ಯಾವ ಫೋನಿನಿಂದ. ಆ ಕಡತಗಳ ಹೆಸರೂ ಲಾಗ್ ಎಂದೇ. ಬೆಂಗಳೂರಿನ ಯಾವುದೇ ಸಾಫ್ಟ್‌ವೇರ್ ಕಚೇರಿಯಲ್ಲಿ ನಡುರಾತ್ರಿ ಏನಾದರೂ ಕೆಟ್ಟರೆ ಪಾಳಿಯಲ್ಲಿರುವ ಹುಡುಗ ಹುಡುಗಿಯರು ಮೊದಲು ಕೇಳುವುದು 'ಲಾಗ್ಸ್ ಕಳ್ಸಿ' ಎಂದೇ. ಹಡಗಿನ ಶಿಸ್ತೇ ಅಲ್ಲೂ ಇದೆ: ಹೊತ್ತಿನ ಸಮೇತ, ನಡೆದ ಕ್ರಮದಲ್ಲಿ, ಹಿಂದಿನದನ್ನು ಅಳಿಸದೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್ ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಕಂಪನಿಗಳೂ ಸರ್ಕಾರಿ ಸಂಸ್ಥೆಗಳೂ ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು ಕನಿಷ್ಠ 180 ದಿನ ಜೋಪಾನ ಮಾಡಬೇಕು. ಮೋಸವಾದಾಗ ಕಳ್ಳನ ಜಾಡು ಸಿಗುವುದು ಅವುಗಳಿಂದಲೇ ಆದ್ದರಿಂದ ಇದು ಬೇಕಾದದ್ದೇ.

ನನ್ನ ತಕರಾರು ಬೇರೆ. ಹಡಗಿನ ಖಲಾಸಿಗೆ ಇದ್ದ ಹಕ್ಕು ನಮಗೆಲ್ಲಿದೆ? ನಮ್ಮ ಬಗ್ಗೆ ಬಿದ್ದ ಸಾಲನ್ನು ನಮಗೆ ಯಾರೂ ಓದಿ ಹೇಳುವುದಿಲ್ಲ, ನಮ್ಮ ಉತ್ತರ ಬರೆದುಕೊಳ್ಳಲು ಅಲ್ಲಿ ಷರಾ ಕಂಬವಿಲ್ಲ. 2023ರ ದತ್ತಾಂಶ ರಕ್ಷಣಾ ಕಾಯ್ದೆ, ನಮ್ಮ ಯಾವ ಮಾಹಿತಿ ಇಟ್ಟುಕೊಂಡಿದ್ದೀರಿ ಎಂದು ಸಾರಾಂಶ ಕೇಳುವ ಹಕ್ಕನ್ನು ಕಾಗದದ ಮೇಲೆ ಕೊಟ್ಟಿದೆ. ಪಡಿತರ ಚೀಟಿಗೆ ಅಲೆಯುವ ಹೆಂಗಸು ಆ ಸಾರಾಂಶವನ್ನು ಕನ್ನಡದಲ್ಲಿ ಕೇಳಿ ಪಡೆಯುವಂತಾದರೆ ಮಾತ್ರ ಅದು ಹಕ್ಕು. ಸರ್ಕಾರಿ ಜಾಲತಾಣಗಳಾದರೂ ಇದನ್ನು ಮೊದಲು ಮಾಡಿ ತೋರಿಸಬೇಕು.

ಅಲ್ಲಿಯವರೆಗೆ ನಮ್ಮ ಕೈಲಾದದ್ದನ್ನು ನಾವು ಮಾಡೋಣ. ನೆಟ್ ಬ್ಯಾಂಕಿಂಗ್ ತೆರೆದಾಗ ಮೂಲೆಯಲ್ಲಿ 'ಕೊನೆಯ ಲಾಗಿನ್' ಎಂದು ದಿನಾಂಕ, ಹೊತ್ತು ಇರುತ್ತದೆ. ಯಾರೂ ಓದದ ಸಾಲು ಅದು, ಓದಿ. ಆ ಹೊತ್ತಿಗೆ ನೀವು ನಿದ್ದೆಯಲ್ಲಿದ್ದಿರಿ ಎಂದಾದರೆ ತಡ ಮಾಡದೆ ಬ್ಯಾಂಕಿಗೆ ತಿಳಿಸಿ. ಇಮೇಲ್ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಯಾವ ಯಾವ ಫೋನು, ಕಂಪ್ಯೂಟರಿನಿಂದ ಲಾಗಿನ್ ಆಗಿದೆ ಎಂಬ ಪಟ್ಟಿ ಸಿಗುತ್ತದೆ. ಮಾರಿಬಿಟ್ಟ ಹಳೇ ಫೋನು ಇನ್ನೂ ಅಲ್ಲಿದ್ದರೆ ತೆಗೆದುಹಾಕಿ. ಸೈಬರ್ ಸೆಂಟರಿನಲ್ಲೋ ಗ್ರಾಮ ಒನ್‌ನಲ್ಲೋ ಕೆಲಸ ಮುಗಿದ ಮೇಲೆ ಬರೀ ಕಿಟಕಿ ಮುಚ್ಚಿ ಏಳಬೇಡಿ, ಲಾಗೌಟ್ ಒತ್ತಿದ್ದನ್ನು ಕಣ್ಣಾರೆ ನೋಡಿ ಏಳಿ. ನೀವು ಎದ್ದು ಹೋದ ಮೇಲೆ ನಿಮ್ಮ ಹೆಸರಿನಲ್ಲಿ ಬೀಳುವ ಸಾಲಿಗೂ ನೀವೇ ಜವಾಬ್ದಾರರು.